ಬಿಸಿ ತಡೆಯದ ಮೈಗೆ ಇನ್‌ಫ್ರಾರೆಡ್ ಸೌನಾ: ಪೆಟ್ಟಿಗೆ ತರಿಸುವ ಮೊದಲು ಬಕೆಟ್ ನೀರು

ನೀವು ಕೇಳಿರುವುದು ಇಷ್ಟು: ಇರುವುದು ತುಮಕೂರಿನಲ್ಲಿ, ಮೈಯೆಲ್ಲ ನೋವು, ಸುಸ್ತು ಬಿಡದ ಫೈಬ್ರೋಮಯಾಲ್ಜಿಯಾ ಇದೆ, ಅದಕ್ಕೆ ರಾತ್ರಿ ಅಮಿಟ್ರಿಪ್ಟಿಲಿನ್ ಮಾತ್ರೆ ತಗೋತೀರಿ, ಎದ್ದು ನಿಂತರೆ ಎದೆ ಢವಢವ, ಏಪ್ರಿಲ್‌ನಲ್ಲಿ ಬಿ.ಎಚ್. ರಸ್ತೆಗೆ ಹೋಗಿ ಬಂದರೆ ಅರ್ಧ ದಿನ ಹಾಸಿಗೆ. ಮೈಕೈ ನೋವಿಗೆ ಒಬ್ಬರು ಕೂರುವ ಇನ್‌ಫ್ರಾರೆಡ್ ಸೌನಾ, ಅಂದರೆ ಬಿಸಿ ಕಿರಣದಿಂದ ಮೈ ಕಾಯಿಸುವ ಪೆಟ್ಟಿಗೆ, ತರಿಸಬಹುದಾ?

ಈಗಲೇ ಬೇಡ. ಬೇಡವೇ ಬೇಡ ಅಂತಲ್ಲ, ಆ ಢವಢವ ಯಾಕೆ ಅಂತ ಗೊತ್ತಾಗುವ ತನಕ ಬೇಡ.

ಮಾಮೂಲಿ ಸೌನಾದಲ್ಲಿ ಗಾಳಿ 70ರಿಂದ 100 ಡಿಗ್ರಿ, ಇನ್‌ಫ್ರಾರೆಡ್‌ನಲ್ಲಿ 45ರಿಂದ 60. ಅದಕ್ಕೇ ‘ಬಿಸಿ ತಡೆಯದವರಿಗೂ ಆಗುತ್ತೆ’ ಅಂತ ಮಾರುತ್ತಾರೆ. ಗಾಳಿ ತಣ್ಣಗಿರುವುದು ನಿಜ, ಆದರೆ ಪ್ಯಾನೆಲ್‌ನ ಕಿರಣ ಬೀಳುವುದು ನೇರವಾಗಿ ಚರ್ಮದ ಮೇಲೆ, ಸೌದೆ ಒಲೆ ಮುಂದೆ ಕೂತ ಹಾಗೆ. ಎರಡು ಇಂಚು ಆಳಕ್ಕೆ ಇಳಿಯುತ್ತೆ ಅನ್ನುವುದು ಅಂಗಡಿಯ ಮಾತು. ಈ ಪೆಟ್ಟಿಗೆಗಳ ಫಾರ್ ಇನ್‌ಫ್ರಾರೆಡ್ ಕಿರಣ ಮೇಲ್ಚರ್ಮದ ಒಂದು ಮಿಲಿಮೀಟರ್ ಒಳಗೇ ಮುಗಿದುಹೋಗುತ್ತೆ, ಅಲ್ಲಿಂದ ಒಳಕ್ಕೆ ಬಿಸಿ ಒಯ್ಯುವುದು ರಕ್ತ. ಬೆವರಿನಲ್ಲಿ ವಿಷ ಹೋಗುತ್ತೆ ಅನ್ನುವುದೂ ಅಷ್ಟೇ. ಬೆವರು ಅಂದರೆ ಮುಖ್ಯವಾಗಿ ನೀರು, ಉಪ್ಪು.

ಉಪಯೋಗ ಇಲ್ಲದೇ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಸಂಧಿವಾತದ 17 ಜನ, ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನ 17 ಜನರನ್ನು ನಾಲ್ಕು ವಾರದಲ್ಲಿ ಎಂಟು ಸಲ ಕೂರಿಸಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಕೂತ ಹೊತ್ತಿನಲ್ಲಿ ನೋವು, ಬಿಗಿತ ಕಡಿಮೆಯಾಯಿತು, ಕಾಯಿಲೆ ಕೆರಳಲಿಲ್ಲ, ಆದರೆ ಆ ಆರಾಮ ಬಹಳ ದಿನ ನಿಲ್ಲಲೂ ಇಲ್ಲ. ನೀವು ದುಡ್ಡು ಹಾಕುವುದು ಇಷ್ಟಕ್ಕೆ ಅಂತ ತಿಳಿದು ಹಾಕಿ.

ನಿಮ್ಮ ವಿಷಯದಲ್ಲಿ ಕಷ್ಟ ಇರುವುದು ಬೇರೆ ಕಡೆ. ಬಿಸಿಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ರಕ್ತ ಚರ್ಮಕ್ಕೂ ಕಾಲಿಗೂ ಇಳಿಯುತ್ತೆ, ಬಿ.ಪಿ. ಜಾರುತ್ತೆ, ಹೃದಯ ಓಡುತ್ತೆ. ಅಮಿಟ್ರಿಪ್ಟಿಲಿನ್ ಬೆವರು ಕಡಿಮೆ ಮಾಡಬಹುದು, ಎದ್ದಾಗ ಬಿ.ಪಿ. ಬೀಳಿಸಬಹುದು, ನಾಡಿಯನ್ನೂ ಏರಿಸಬಹುದು. ಮೈ ತಣ್ಣಗಾಗುವ ದಾರಿಯೂ ಸಣ್ಣದು, ಎದ್ದು ನಿಲ್ಲುವ ಬಲವೂ ಕಡಿಮೆ. ಹಾಗಂತ ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಮೊದಲು ಮನೆಯಲ್ಲೇ ನಿಂತು ನೋಡುವ ಪರೀಕ್ಷೆ ಮಾಡಿ. ತೋಳಿಗೆ ಕಟ್ಟುವ ಬಿ.ಪಿ. ಮೆಷಿನ್ ಸಾಕು. ಐದು ನಿಮಿಷ ಅಂಗಾತ ಮಲಗಿ ಬಿ.ಪಿ., ನಾಡಿ ಬರೆದುಕೊಳ್ಳಿ. ಎದ್ದು ನಿಂತು 1, 3, 5, 10ನೇ ನಿಮಿಷಕ್ಕೆ ಮತ್ತೆ ಬರೆದುಕೊಳ್ಳಿ. ಪಕ್ಕದಲ್ಲಿ ಒಬ್ಬರಿರಲಿ, ಹಿಂದೆ ಮಂಚ ಇರಲಿ, ಕಣ್ಣು ಕತ್ತಲೆ ಬಂದರೆ ಕೂತುಬಿಡಿ. ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಇಳಿದರೆ ಅದೊಂದು ಸಮಸ್ಯೆ. ಬಿ.ಪಿ. ಇಳಿಯದೆ ನಾಡಿ ಮಾತ್ರ 30ಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ ಪಾಟ್ಸ್ (ಎದ್ದು ನಿಂತಾಗ ನಾಡಿ ಅತಿಯಾಗಿ ಓಡುವ ತೊಂದರೆ) ಇರಬಹುದು ಅಂತ ಡಾಕ್ಟರ್ ನೋಡಬೇಕು. ಎರಡರಲ್ಲಿ ಯಾವುದಾದರೂ ಬಂದರೆ ಮುಂದಿನದ್ದು ಡಾಕ್ಟರನ್ನು ಕೇಳಿದ ಮೇಲೆ.

ಬರದಿದ್ದರೆ ಬಕೆಟ್: ಮೈ ಎಷ್ಟು ಬಿಸಿ ತಡೆಯುತ್ತೆ ಅಂತ ಬಿಸಿನೀರಲ್ಲಿ ಕಾಲು ಇಟ್ಟು ನೋಡುವುದು. ನೀರು 40 ಡಿಗ್ರಿ, ಥರ್ಮಾಮೀಟರ್ ಇಟ್ಟೇ ಅಳೆಯಿರಿ, ಕೈ ಅಂದಾಜು ಬೇಡ. ಮೊಣಕಾಲ ಕೆಳಗಿನವರೆಗೆ 15 ನಿಮಿಷ. ಬಿಸಿನೀರು ಸೇರಿಸುವಾಗ ಕಾಲು ಹೊರಗೆ. ಆಮೇಲೆ ಐದು ನಿಮಿಷ ಕೂತಿದ್ದು ಅದೇ ಪರೀಕ್ಷೆ ಮತ್ತೊಮ್ಮೆ. ಎರಡು ವಾರದಲ್ಲಿ ಮೂರು ಸಲ ಮಾಡಿ, ಪ್ರತಿ ಸಲದ ನಂತರ ಎರಡು ದಿನದ ಸುಸ್ತನ್ನೂ ಬರೆದಿಡಿ. ಬಹಳ ಜನ ಅವತ್ತೇ ಚೆನ್ನಾಗಿದ್ದೀನಿ ಅಂತ ಖುಷಿಪಡುತ್ತಾರೆ, ಮೂರನೇ ದಿನ ಮಲಗುತ್ತಾರೆ. ಬಕೆಟ್ ನೀರಿಗೇ ಮೈ ಹೀಗಾಡಿದರೆ ಪೆಟ್ಟಿಗೆ ಯೋಚನೆ ಬಿಡಿ. (ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಇರುವವರು ಇದನ್ನು ಮಾಡಬಾರದು, ಸುಟ್ಟರೂ ಗೊತ್ತಾಗಲ್ಲ.)

ಬೇರೆ ಕಾಯಿಲೆಯವರೂ ಇದನ್ನು ಓದುತ್ತಾರೆ ಅಂತ ನಾಲ್ಕು ಮಾತು. ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದರೆ ಮೈ ಅರ್ಧ ಡಿಗ್ರಿ ಏರಿದರೂ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ಊಥಾಫ್ ಎಂಬ ಜರ್ಮನ್ ವೈದ್ಯರು 1890ರಲ್ಲೇ ಬರೆದಿಟ್ಟ ಲಕ್ಷಣ ಇದು. ತಣ್ಣಗಾದರೆ ಸರಿಹೋಗುತ್ತೆ, ಆದರೆ ಪೆಟ್ಟಿಗೆಯೊಳಗೆ ಕಾಲು ಸೋತರೆ ಹೊರಗೆ ಬರುವುದು ಹೇಗೆ? ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಲಿಥಿಯಂ, ಟೋಪಿರಮೇಟ್, ಡಾಪಾಗ್ಲಿಫ್ಲೋಜಿನ್ ತಗೊಳ್ಳುವವರು ಕೇಳದೆ ಕೂರಬಾರದು. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಕೂತರೆ ಅದು ಬೇಗ ರಕ್ತಕ್ಕೆ ಸೇರಿ ಸಕ್ಕರೆ ಬೀಳುತ್ತೆ. ನೋವಿಗೆ ಫೆಂಟಾನಿಲ್ ಪ್ಯಾಚ್ ಹಚ್ಚಿದವರಿಗಂತೂ ಸೌನಾ ಕೂಡದು.

ಇಷ್ಟೆಲ್ಲ ದಾಟಿ ತರಿಸಿದರೆ, ಇಡುವ ಜಾಗ ಮುಖ್ಯ. ಮೋಲ್ಡ್ ಮನೆಯ ಮಹಡಿ ರೂಮು ಬೇಡ, ಹಗಲು ಕಾದ ತಾರಸಿ ರಾತ್ರಿಯೂ ಬಿಸಿ ಉಗುಳುತ್ತೆ, ಹೊರಗೆ ಬಂದ ಮೇಲೆ ತಣ್ಣಗಾಗಲು ಜಾಗವೇ ಇರಲ್ಲ. ನೆಲಮಹಡಿ, ಬೆಳಗ್ಗೆ ಆರು ಗಂಟೆ, ಶುರು ಮಾಡುವುದು ಡಿಸೆಂಬರ್‌ನಲ್ಲಿ. ಮಾರ್ಚ್ ಕೊನೆಯಿಂದ ಮೇವರೆಗೆ ಮುಚ್ಚಿಡಿ. 1,500 ವ್ಯಾಟ್‌ನ ಪೆಟ್ಟಿಗೆ ಆರೂವರೆ ಆಂಪಿಯರ್ ಎಳೆಯುತ್ತೆ, ಅದಕ್ಕೆ 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು. ಹಳ್ಳಿ ಕಡೆ ವೋಲ್ಟೇಜ್ 190ಕ್ಕೆ ಇಳಿದರೆ ಅದೇ ಪೆಟ್ಟಿಗೆ ಸಾವಿರ ವ್ಯಾಟ್ ಚಿಲ್ಲರೆ ಅಷ್ಟೇ ಕೊಡುತ್ತೆ, ಕಾಯಲು ಹೊತ್ತಾಗುತ್ತೆ. ಕಾದಿಲ್ಲ ಅಂತ ಒಳಗೇ ಕಾದು ಕೂರಬೇಡಿ, ಆ ಹೊತ್ತೂ ಲೆಕ್ಕಕ್ಕೆ ಬರುತ್ತೆ. ಬಾಗಿಲು ಹೊರಕ್ಕೆ ತಳ್ಳಿದರೆ ತೆಗೆದುಕೊಳ್ಳಬೇಕು, ಚಿಲಕ ಇರಬಾರದು. ಸುತ್ತಿಕೊಳ್ಳುವ ಸೌನಾ ಬ್ಲಾಂಕೆಟ್ ಅಗ್ಗ, ಆದರೆ ತಲೆ ಸುತ್ತುವಾಗ ಜಿಪ್ ಬಿಚ್ಚಿಕೊಂಡು ಏಳಬೇಕು. ನಿಮ್ಮಂಥವರಿಗೆ ಬೇಡವೇ ಬೇಡ.

ಮೊದಲ ದಿನ 45 ಡಿಗ್ರಿ, ಐದು ನಿಮಿಷ, ಬಾಗಿಲು ಅರ್ಧ ತೆರೆದು, ಹೊರಗೆ ಯಾರಾದರೂ ಇರುವಾಗ. ವಾರಕ್ಕೆ ಎರಡೇ ಸಲ. ಎರಡು ಸಲ ಸರಿಹೋದರೆ ಎರಡು ನಿಮಿಷ ಏರಿಸಿ. ಹೊತ್ತು ಏರಿಸಿದ ವಾರ ಡಿಗ್ರಿ ಏರಿಸಬೇಡಿ. 50 ಡಿಗ್ರಿ, 15 ನಿಮಿಷ ದಾಟಬೇಕಾದ ಅಗತ್ಯ ನನಗೆ ಕಾಣಲ್ಲ. ಬೆನ್ನು ಪ್ಯಾನೆಲ್‌ಗೆ ತಾಗದಂತೆ ಒಂದು ಗೇಣು ಬಿಡಿ, ದಿನಾ ಒಂದೇ ಜಾಗಕ್ಕೆ ಕಾವು ಬಿದ್ದರೆ ಬಲೆಯಂಥ ಕಂದು ಕಲೆ ಮೂಡುತ್ತೆ. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ಇಲ್ಲಿ ದಂಡ, ಕಾದ ಚರ್ಮವನ್ನೇ ಅಳೆಯುತ್ತೆ. ನೀರು ಕುಡಿಯುವ ಮೊದಲು ಮಾಮೂಲಿ ಥರ್ಮಾಮೀಟರ್ ನಾಲಿಗೆ ಕೆಳಗಿಟ್ಟು ನೋಡಿ, 38 ಆಗಿದ್ದರೆ ಮುಂದಿನ ಸಲ ಹೊತ್ತು ಇಳಿಸಿ.

ಬೀಳುವುದು ಒಳಗಲ್ಲ, ಎದ್ದು ಹೊರಗೆ ಬರುವಾಗ. ಸ್ವಿಚ್ ಆರಿಸಿ, ಬಾಗಿಲು ಪೂರ್ತಿ ತೆಗೆದು, ಕೂತಲ್ಲೇ ಐದು ನಿಮಿಷ ಪಾದ ಮೇಲೆ ಕೆಳಗೆ ಆಡಿಸಿ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಳ್ಳಿ. ಆಮೇಲೆ ಹಿಡಿದುಕೊಂಡು ಏಳಿ. ತಣ್ಣೀರು ಸುರಿದುಕೊಳ್ಳಬೇಡಿ.

ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಬೆವರು ಕಾಣುವ ಮೊದಲೇ ಆರುತ್ತೆ, ಬೆವರೇ ಬರಲಿಲ್ಲ ಅಂತ ಮೋಸ ಹೋಗಬೇಡಿ. ಮುಂಚೆ, ಆಮೇಲೆ ತೂಕ ನೋಡಿ: 300 ಗ್ರಾಂ ಇಳಿದರೆ 300 ಮಿಲಿಲೀಟರ್ ನೀರು ಹೋಗಿದೆ. ಒಂದು ಲೀಟರ್‌ಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿದ ನೀರು, ಇಲ್ಲವೇ ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗುವುದು ಸೋಡಿಯಂ. ಕಿಡ್ನಿ ತೊಂದರೆಯವರಿಗೆ ಎಳನೀರು ಅಪಾಯ, ಹೃದಯದ ತೊಂದರೆಗೆ ನೀರು ಮಿತಿ ಹೇಳಿಸಿಕೊಂಡವರಿಗೆ ಈ ಉಪ್ಪು ನೀರೂ ಆಗಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ‘ಸೌನಾ ಮಾಡಬಹುದಾ’ ಅಂತ ಬರಿಗೈಲಿ ಕೇಳಿದರೆ ‘ಬೇಡ ಬಿಡಿ’ ಅನ್ನುತ್ತಾರೆ. ನಿಂತ ಪರೀಕ್ಷೆಯ ಹಾಳೆ, ಬಕೆಟ್ ದಿನಗಳ ಹಾಳೆ, ಎಲ್ಲ ಮಾತ್ರೆಗಳ ಸ್ಟ್ರಿಪ್ ಮುಂದಿಟ್ಟು ಕೇಳಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ನೋಡಲು ಹೇಳಿ. ಢವಢವಕ್ಕೂ ಸೆಖೆ ತಡೆಯದಿರುವುದಕ್ಕೂ ಎಷ್ಟೋ ಸಲ ಅಲ್ಲೇ ಕಾರಣ ಸಿಗುತ್ತೆ.