ಮಳೆಗಾಲದಲ್ಲಿ ಸೈಕಲ್ ಚೈನಿಗೆ ಯಾವ ಎಣ್ಣೆ?

ಪ್ರಶ್ನೆ: ತೀರ್ಥಹಳ್ಳಿಯ ಮಳೆಯಲ್ಲೂ ದಿನವೂ ಸೈಕಲ್ ತುಳಿಯುವ ನಾನು ಚೈನಿಗೆ ಕೊಬ್ಬರಿ ಎಣ್ಣೆಯನ್ನೋ ಬಳಸಿ ತೆಗೆದ ಎಂಜಿನ್ ಆಯಿಲನ್ನೋ ಹಾಕಬಹುದೇ?

ಉತ್ತರ: ಎರಡೂ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಳಸಿದ ಎಂಜಿನ್ ಆಯಿಲಿನಲ್ಲಿರುವ ಮಸಿ ಮತ್ತು ಲೋಹದ ಸೂಕ್ಷ್ಮ ಕಣಗಳು ಚೈನಿನ ಪಿನ್ನುಗಳನ್ನೇ ಸವೆಸುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಇವಕ್ಕಿಂತ ವಾಸಿಯಾದರೂ ತೀರಾ ತೆಳುವಾದ್ದರಿಂದ ಮಳೆಗೆ ಬೇಗನೆ ತೊಳೆದುಹೋಗುತ್ತದೆ. ನಿಮಗೆ ಸೈಕಲ್ ಅಂಗಡಿಯಲ್ಲಿ ದೊರೆಯುವ, ನೀರಿಗೆ ಜಗ್ಗದ ಮಂದವಾದ ‘ವೆಟ್ ಲ್ಯೂಬ್’ ಸೂಕ್ತ. ಆದರೆ ಅದು ಧೂಳನ್ನು ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಮೇಣ ಬೆರೆತ ‘ಡ್ರೈ ಲ್ಯೂಬ್’ ಮೇಲು. ಚೈನನ್ನು ಶುಚಿಗೊಳಿಸಿ ಒಣಗಿಸಿದ ಬಳಿಕ ಪ್ರತಿ ರೋಲರಿಗೂ ಒಂದೊಂದೇ ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಮೈಯಲ್ಲಿ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ.