ಮನೆಯಲ್ಲಿ ತಯಾರಿಸಿದ ಬಿಯರನ್ನು ಬಾಟಲಿಗೆ ತುಂಬುವಾಗ ಮತ್ತೆ ಸಕ್ಕರೆ ಸೇರಿಸುವುದೇಕೆ?

ಈ ಸಕ್ಕರೆ ಸಿಹಿಗಾಗಿ ಅಲ್ಲ, ಗುಳ್ಳೆ ಮತ್ತು ನೊರೆಗಾಗಿ. ಹುದುಗುವಿಕೆ ಮುಗಿದು ತಿಳಿಯಾಗಿ ಕಾಣುವ ಬಿಯರಿನಲ್ಲೂ ಜೀವಂತ ಯೀಸ್ಟ್ ಉಳಿದಿರುತ್ತದೆ. ಅದು ಹೊಸ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್, ಬಿಗಿಯಾದ ಮುಚ್ಚಳದಿಂದಾಗಿ ಹೊರಹೋಗಲು ದಾರಿಯಿಲ್ಲದೆ, ಒತ್ತಡಕ್ಕೆ ಸಿಕ್ಕಿ ಬಿಯರಿನಲ್ಲಿಯೇ ಕರಗುತ್ತದೆ.

ಲೀಟರಿಗೆ ಸುಮಾರು 6 ಗ್ರಾಂ ಸಾಕು. ಅಮೆರಿಕದ ಹವ್ಯಾಸಿಗಳು ಸಾಮಾನ್ಯವಾಗಿ ಒಮ್ಮೆಗೆ ತಯಾರಿಸುವ 5 ಗ್ಯಾಲನ್, ಅಂದರೆ 19 ಲೀಟರ್ ಬಿಯರಿಗೆ ಇದು 115 ಗ್ರಾಂನಷ್ಟಾಗುತ್ತದೆ. ಪ್ರತಿ ಬಾಟಲಿಗೂ ಚಮಚದಲ್ಲಿ ಹಾಕುವುದಕ್ಕಿಂತ, ಸ್ವಲ್ಪ ನೀರಿನಲ್ಲಿ ಕುದಿಸಿ, ಆರಿಸಿ, ಇಡೀ ಬಿಯರಿಗೆ ಮೆಲ್ಲಗೆ ಬೆರೆಸುವುದು ಮೇಲು.

ಮೊದಲ ಬಾರಿ ತುಂಬುವವರು ಎಡವುವುದು ಹೆಚ್ಚಾಗಿ ಅವಸರದಿಂದ. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ, ಉಳಿದಿದ್ದ ಸಕ್ಕರೆಯೂ ಅನಿಲವಾಗಿ, ಗಾಜಿನ ಬಾಟಲಿ ನಿಜಕ್ಕೂ ಸಿಡಿಯಬಹುದು. ಆದ್ದರಿಂದ ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ ಮೂರು ದಿನಗಳ ಅಂತರದಲ್ಲಿಯೂ ಒಂದೇ ಅಂಕಿಯನ್ನು ತೋರಿಸಿದ ನಂತರವೇ, ಸೋಂಕು ತೆಗೆದ ದಪ್ಪ ಗಾಜಿನ ಬಾಟಲಿಗಳಲ್ಲಿ, ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ತುಂಬಬೇಕು. ಬಳಿಕ ಎರಡು ವಾರ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ. ಮೊದಲೇ ಫ್ರಿಜ್ಜಿನಲ್ಲಿಟ್ಟರೆ ಚಳಿಗೆ ಯೀಸ್ಟ್ ಮುದುಡಿಕೊಂಡು ಬಿಯರು ಸಪ್ಪೆಯಾಗಿಯೇ ಉಳಿಯುತ್ತದೆ.