ಮನೆಯ ಕಸವನ್ನು ಸುಡುವುದು, ಹೂಳುವುದು, ಮರುಬಳಕೆ ಮಾಡುವುದು: ಪರಿಸರಕ್ಕೆ ಯಾವುದು ಮೇಲು?

ನಮ್ಮ ಊರುಗಳ ಬೆರಕೆ ಕಸವನ್ನು ಸುಟ್ಟರೂ ಕೇಡು, ಹೂತರೂ ಕೇಡು. ಹಸಿಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡಿ, ಒಣಕಸವನ್ನು ಮರುಬಳಕೆಗೆ ಕೊಡುವುದೇ ಮೇಲು. ಏಕೆಂದರೆ ನಮ್ಮ ಕಸದಲ್ಲಿ ಸುಮಾರು ಅರ್ಧದಷ್ಟು ತರಕಾರಿ ಸಿಪ್ಪೆ, ಮಿಕ್ಕ ಅನ್ನದಂಥ ಹಸಿಕಸವೇ.

ಅದನ್ನು ಹೂತರೆ ಒಳಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಹೊರಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಜೊತೆಗೆ ಕೊಳೆತ ಕಪ್ಪು ರಸ ಅಂತರ್ಜಲಕ್ಕೆ ಇಳಿಯುತ್ತದೆ. ಬೆಂಗಳೂರಿನ ಕಸ ಹೊತ್ತ ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತದ್ದು ಸುಮ್ಮನೆ ಅಲ್ಲ.

ಸುಟ್ಟರೆ? ಹಸಿಕಸದ ನೀರನ್ನು ಆವಿಯಾಗಿಸುವುದಕ್ಕೇ ಬಹಳಷ್ಟು ಶಾಖ ಖರ್ಚಾಗುತ್ತದೆ. ಅರೆಬರೆ ಉರಿಯಲ್ಲಿ ಡಯಾಕ್ಸಿನ್‌ ಎಂಬ ವಿಷವಸ್ತುಗಳು ಹುಟ್ಟುತ್ತವೆ. ಬೀದಿ ಬದಿಯ ಬೆಂಕಿ ಎಲ್ಲಕ್ಕಿಂತ ಕೆಟ್ಟದ್ದು. 850 ಡಿಗ್ರಿ ಸೆಲ್ಸಿಯಸ್ ದಾಟಿ ಉರಿಸಿ, ಹೊಗೆ ಸೋಸುವ ಸ್ಥಾವರ ವಾಸಿ. ಆದರೆ ಸೋಸಿ ಸಿಕ್ಕ ವಿಷಬೂದಿಯನ್ನು ಮತ್ತೆ ಹೂಳಲೇಬೇಕು!

ಮರುಬಳಕೆಯೂ ಪವಾಡವಲ್ಲ. ಹಳೆಯ ಅಲ್ಯೂಮಿನಿಯಂ ಕರಗಿಸಿದರೆ, ಅದನ್ನು ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 95ರಷ್ಟು ಉಳಿತಾಯವಾಗುತ್ತದೆ. ಆದರೆ ಪ್ಲಾಸ್ಟಿಕ್ ಕರಗಿಸಿದಾಗಲೆಲ್ಲ ಗುಣ ಕಳೆದುಕೊಳ್ಳುತ್ತದೆ. ಪದರ ಪದರವಾಗಿ ಅಂಟಿಸಿದ ಚಿಪ್ಸ್ ಪೊಟ್ಟಣವನ್ನಂತೂ ಗುಜರಿಯವರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ.